ಪೋರ್ಟೇಜ್, ಪೋರ್ಟ್ಸ್, ನಿಕ್ಸ್: ಒಂದು ಫ್ಲ್ಯಾಗ್ ಬದಲಿಸಿದರೆ ಏನೇನು ಮತ್ತೆ ಬಿಲ್ಡ್ ಆಗುತ್ತದೆ?

ತಂತ್ರಾಂಶವನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಒಂದು ಆಯ್ಕೆ (ಫ್ಲ್ಯಾಗ್) ಆನ್ ಮಾಡಿದರೆ ಅವಲಂಬನೆಗಳ, ಅಂದರೆ ಅದಕ್ಕೆ ಬೇಕಾದ ಇತರ ಪ್ಯಾಕೇಜ್‌ಗಳ, ಪಟ್ಟಿಯೇ ಬದಲಾಗಬಹುದು. ಜೆಂಟೂ ಲಿನಕ್ಸ್‌ನ ಪೋರ್ಟೇಜ್, ಫ್ರೀಬಿಎಸ್‌ಡಿಯ ಪೋರ್ಟ್ಸ್, ನಿಕ್ಸ್ ಎಂಬ ಮೂರು ಪ್ಯಾಕೇಜ್ ವ್ಯವಸ್ಥೆಗಳನ್ನೂ ಬಳಸಿ ನೋಡಿದರೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಇದು: 'ಆ ಲೈಬ್ರರಿ ಬೇಕು, ಅದೂ ಈ ಆಯ್ಕೆ ಆನ್ ಆಗಿಯೇ ಬೇಕು' ಎಂದು ಪ್ಯಾಕೇಜ್ ಕೇಳಬಲ್ಲುದೇ?

ಪೋರ್ಟೇಜ್‌ನಲ್ಲಿ ಕೇಳಬಲ್ಲುದು. ಇಬಿಲ್ಡ್‌ನ (ಪ್ಯಾಕೇಜನ್ನು ಕಟ್ಟುವ ವಿಧಾನ ಬರೆದ ಕಡತ) ಅವಲಂಬನೆ ಸಾಲಿನಲ್ಲಿ ಲೈಬ್ರರಿ ಹೆಸರಿನ ನಂತರ ಚೌಕ ಆವರಣದಲ್ಲಿ ಯೂಸ್ ಫ್ಲ್ಯಾಗ್ (ಪೋರ್ಟೇಜ್‌ನಲ್ಲಿ ಆಯ್ಕೆಗೆ ಇರುವ ಹೆಸರು) ಬರೆದಿರುತ್ತಾರೆ. ನಿಮ್ಮ ಸೆಟ್ಟಿಂಗ್ ಅದಕ್ಕೆ ಹೊಂದದಿದ್ದರೆ ಕಂಪೈಲ್ ಶುರುವಾಗುವ ಮೊದಲೇ ಪೋರ್ಟೇಜ್‌ನ ಆದೇಶವಾದ ಇಮರ್ಜ್ ನಿಂತು, ಯಾವ ಫ್ಲ್ಯಾಗ್ ಬದಲಿಸಬೇಕೆಂದು ಹೇಳುತ್ತದೆ. ಆಟೋಅನ್‌ಮಾಸ್ಕ್-ರೈಟ್ ಕೊಟ್ಟರೆ ಆ ಬದಲಾವಣೆಯನ್ನು ಅದೇ ಬರೆದಿಡುತ್ತದೆ. ಅದನ್ನು ಡಿಸ್ಪ್ಯಾಚ್-ಕಾನ್ಫ್ ಎಂಬ ಸಾಧನದಲ್ಲಿ ಓದಿ ಒಪ್ಪಬೇಕು. ಓದದೆ ಒಪ್ಪುತ್ತಾ ಹೋದರೆ ಬೇಡದ ಲೈಬ್ರರಿಗಳೆಲ್ಲ ಒಳಗೆ ಬರುತ್ತವೆ. ಇಡೀ ವ್ಯವಸ್ಥೆಗೆ ಬೇಕಾದ ಫ್ಲ್ಯಾಗ್ ಮಾತ್ರ ಮೇಕ್.ಕಾನ್ಫ್‌ನಲ್ಲಿರಲಿ, ಉಳಿದದ್ದು ಒಂದೊಂದು ಪ್ಯಾಕೇಜ್‌ಗೆ ಬೇರೆಬೇರೆಯಾಗಿ ಬರೆಯುವ ಪ್ಯಾಕೇಜ್.ಯೂಸ್‌ಗೆ ಹೋಗಲಿ.

ಫ್ಲ್ಯಾಗ್ ಬದಲಿಸಿದ ಮೇಲೆ ವರ್ಲ್ಡ್ ಸೆಟ್‌ಗೆ (ನೀವು ಕೇಳಿ ಹಾಕಿಸಿದ ಪ್ಯಾಕೇಜ್‌ಗಳು, ಮೂಲ ವ್ಯವಸ್ಥೆ ಸೇರಿ) ಇಮರ್ಜ್‌ನಲ್ಲಿ ಡೀಪ್ ಜೊತೆ ಚೇಂಜ್ಡ್-ಯೂಸ್ ಕೊಟ್ಟರೆ ಸಾಕು. ನ್ಯೂಯೂಸ್ ಕೊಟ್ಟರೆ, ನೀವು ಆನ್ ಮಾಡದ ಹೊಸ ಫ್ಲ್ಯಾಗ್ ಇಬಿಲ್ಡ್‌ಗೆ ಸೇರಿದ್ದಕ್ಕೂ ಮರುಬಿಲ್ಡ್ ಆಗುತ್ತದೆ. ಆಮೇಲೆ ಬೇಡವಾದ ಅವಲಂಬನೆಗಳನ್ನು ತೆಗೆಯುವ ಡೆಪ್‌ಕ್ಲೀನ್, ಮೊದಲು ಏನೇನು ಹೋಗುತ್ತದೆಂದು ತೋರಿಸುವಷ್ಟೇ ಮಾಡುವ ಪ್ರಿಟೆಂಡ್‌ನೊಂದಿಗೆ.

ಪೋರ್ಟೇಜ್‌ನ ನಿಜವಾದ ತಲೆನೋವು ವೃತ್ತಾಕಾರದ ಅವಲಂಬನೆ. ಉದಾಹರಣೆಗೆ ಅಕ್ಷರ ಮೂಡಿಸುವ ಎರಡು ಲೈಬ್ರರಿಗಳು: ಹಾರ್ಫ್‌ಬಜ್ ಫ್ಲ್ಯಾಗ್ ಆನ್ ಇದ್ದಾಗ ಫ್ರೀಟೈಪ್‌ಗೆ ಹಾರ್ಫ್‌ಬಜ್ ಬೇಕಾಗಬಹುದು, ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕಾಗಬಹುದು. ಆಗ ಆ ಫ್ಲ್ಯಾಗ್ ತಾತ್ಕಾಲಿಕವಾಗಿ ತೆಗೆದು ಫ್ರೀಟೈಪನ್ನು ಒನ್‌ಶಾಟ್‌ನಲ್ಲಿ (ವರ್ಲ್ಡ್ ಪಟ್ಟಿಗೆ ಸೇರಿಸದೆ) ಕಟ್ಟಿ, ನಂತರ ಹಾರ್ಫ್‌ಬಜ್ ಕಟ್ಟಿ, ಫ್ಲ್ಯಾಗ್ ಮರಳಿ ಹಾಕಿ ಫ್ರೀಟೈಪನ್ನು ಇನ್ನೊಮ್ಮೆ ಕಟ್ಟಿದರೆ ಬಿಡಿಸಿಕೊಳ್ಳುತ್ತದೆ.

ಪೋರ್ಟ್ಸ್‌ನಲ್ಲಿ ಮೇಕ್ ಕಾನ್ಫಿಗ್ ಕೊಟ್ಟರೆ ಆಯ್ಕೆಗಳ ಮೆನು ಬರುತ್ತದೆ. ಬಳಸಲು ಸುಲಭ. ಆದರೆ ಲೈಬ್ರರಿಯಲ್ಲಿ ಇಂಥ ಆಯ್ಕೆ ಆನ್ ಇರಲೇಬೇಕೆಂದು ಪೋರ್ಟ್ ಸಾಮಾನ್ಯವಾಗಿ ಕೇಳಲಾರದು. ಫ್ಲೇವರ್‌ಗಳು (ಒಂದೇ ಪೋರ್ಟ್‌ನ ಬೇರೆಬೇರೆ ರೂಪಗಳು) ಕೆಲವೆಡೆ ಮಾತ್ರ ಆ ಕೊರತೆ ತುಂಬುತ್ತವೆ. ಹಾಗಾಗಿ ಬಿಲ್ಡ್ ಅರ್ಧದಲ್ಲಿ ಮುರಿಯಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ಆ ಸೌಲಭ್ಯವಿಲ್ಲದೆ ಸದ್ದಿಲ್ಲದೆ ಮುಗಿದುಬಿಡಬಹುದು. ಅವಲಂಬನೆಗಳ ಮೆನುಗಳನ್ನೂ ತೋರಿಸುವ ಕಾನ್ಫಿಗ್-ರಿಕರ್ಸಿವ್ ಒಮ್ಮೆ ಓಡಿಸಿದರೆ ಸಾಲದು: ನೀವು ಆನ್ ಮಾಡಿದ ಆಯ್ಕೆ ಹೊಸ ಅವಲಂಬನೆ ತರುತ್ತದೆ, ಅದಕ್ಕೂ ಮೆನು ಇರುತ್ತದೆ. ಮೆನು ಬರುವುದು ನಿಲ್ಲುವವರೆಗೂ ಓಡಿಸಿ. ಸ್ವಂತ ಬಿಲ್ಡ್‌ಗಳನ್ನು ಸಿದ್ಧ ಬೈನರಿಗಳ ಜೊತೆ ಬೆರೆಸಿದರೆ, ಫ್ರೀಬಿಎಸ್‌ಡಿಯ ಬೈನರಿ ಪ್ಯಾಕೇಜ್ ಸಾಧನವಾದ ಪಿಕೆಜಿಯ ಮುಂದಿನ ಅಪ್‌ಗ್ರೇಡ್ ನಿಮ್ಮ ಬಿಲ್ಡ್ ತೆಗೆದು ಡೀಫಾಲ್ಟ್ ಆಯ್ಕೆಗಳದ್ದನ್ನು ಹಾಕಬಹುದು. ಪಿಕೆಜಿ ಲಾಕ್ ಅದನ್ನು ತಡೆಯುತ್ತದೆ. ಕೆಲವೇ ಪ್ಯಾಕೇಜ್‌ಗಿಂತ ಹೆಚ್ಚು ಬದಲಿಸುವುದಿದ್ದರೆ, ಪೋರ್ಟ್‌ಗಳನ್ನು ಪ್ರತ್ಯೇಕ ಪರಿಸರದಲ್ಲಿ ಕಟ್ಟುವ ಸಾಧನವಾದ ಪೂಡ್ರಿಯೇರ್‌ನಲ್ಲಿ ಸ್ವಂತ ರೆಪೊ (ಪ್ಯಾಕೇಜ್ ಭಂಡಾರ) ಕಟ್ಟುವುದೇ ಸರಿ.

ಪೂಡ್ರಿಯೇರ್‌ನಿಂದ ಇನ್ನೊಂದು ಲಾಭವೂ ಇದೆ. ಕೆಲವು ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಯಂತ್ರದಲ್ಲಿ ಕಂಡ ಲೈಬ್ರರಿಯನ್ನು ಕೇಳದೆಯೇ ಲಿಂಕ್ ಮಾಡುತ್ತವೆ. ಜೆಂಟೂ ಬಳಗದಲ್ಲಿ ಇದಕ್ಕೆ ಆಟೋಮ್ಯಾಜಿಕ್ ಎನ್ನುತ್ತಾರೆ. ಅಂಥ ಪ್ಯಾಕೇಜನ್ನು ಬೇರೆ ಯಂತ್ರಕ್ಕೆ ಒಯ್ದರೆ ಲೈಬ್ರರಿ ಸಿಗದೆ ಪ್ರೋಗ್ರಾಂ ಶುರುವೇ ಆಗದಿರಬಹುದು. ಪೂಡ್ರಿಯೇರ್ ಬಳಸುವ ಶುದ್ಧ ಜೈಲ್‌ನಲ್ಲಿ (ಉಳಿದ ಯಂತ್ರದಿಂದ ಬೇರ್ಪಟ್ಟ ಪರಿಸರ) ಕಟ್ಟಿದರೆ, ಘೋಷಿಸದ ಲೈಬ್ರರಿ ಅಲ್ಲಿ ಇರುವುದೇ ಇಲ್ಲ. ಅನುಮಾನವಿದ್ದರೆ ರೀಡ್‌ಎಲ್ಫ್ ಆದೇಶಕ್ಕೆ ಡಿ ಆಯ್ಕೆ ಕೊಟ್ಟು ನೀಡೆಡ್ ಸಾಲುಗಳನ್ನು (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಹೆಸರು) ಅವಲಂಬನೆ ಪಟ್ಟಿಯೊಂದಿಗೆ ತಾಳೆ ನೋಡಿ.

ಮೊದಲು ಕೇಳಿದ ಆ ಪ್ರಶ್ನೆಯನ್ನೇ ನಿಕ್ಸ್ ಬೇರೆ ದಾರಿಯಲ್ಲಿ ದಾಟುತ್ತದೆ. ವೀಡಿಯೊ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ಗೆ ಓವರ್‌ರೈಡ್ ಹಾಕಿ ಆಯ್ಕೆ ಬದಲಿಸಿದರೆ ಹ್ಯಾಶ್ (ಆ ಬಿಲ್ಡ್‌ನ ಗುರುತು) ಬದಲಾಗಿ ಸ್ಟೋರ್‌ನಲ್ಲಿ, ಅಂದರೆ ನಿಕ್ಸ್ ಪ್ಯಾಕೇಜ್‌ಗಳಿರುವ ಫೋಲ್ಡರ್‌ನಲ್ಲಿ, ಹೊಸ ಪ್ರತಿ ಹುಟ್ಟುತ್ತದೆ. ಹಳೆಯದನ್ನು ಬಳಸುವವು ಹಳೆಯದರಲ್ಲೇ ಇರುತ್ತವೆ, ಸಂಘರ್ಷವಿಲ್ಲ. ಒಂದೆರಡು ಪ್ಯಾಕೇಜ್ ಬದಲಿಸುವವರಿಗೆ ಇದಕ್ಕಿಂತ ಸುರಕ್ಷಿತ ದಾರಿ ಇಲ್ಲ. ಅದೇ ಬದಲಾವಣೆಯನ್ನು ಇಡೀ ಪ್ಯಾಕೇಜ್ ಸಂಗ್ರಹಕ್ಕೆ ಅನ್ವಯಿಸುವ ಓವರ್‌ಲೇಯಲ್ಲಿ ಹಾಕಿದರೆ ಮಾತ್ರ ಅದನ್ನು ಅವಲಂಬಿಸಿದ ಎಲ್ಲದರ ಹ್ಯಾಶ್ ಬದಲಾಗಿ, ಸಾರ್ವಜನಿಕ ಬೈನರಿ ಕ್ಯಾಶ್‌ನಲ್ಲಿ (ಸಿದ್ಧ ಬಿಲ್ಡ್‌ಗಳ ಸಂಗ್ರಹ) ಅವು ಸಿಗದೆ, ಅವೆಲ್ಲವೂ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗುತ್ತವೆ. ಆಯ್ಕೆಗಳ ಹೆಸರಿಗೆ ಏಕರೂಪವೂ ಇಲ್ಲ: ಒಂದರಲ್ಲಿ ವಿತ್, ಇನ್ನೊಂದರಲ್ಲಿ ಎನೇಬಲ್, ಮತ್ತೊಂದರಲ್ಲಿ ಸಪೋರ್ಟ್. ಆ ಪ್ಯಾಕೇಜಿನ ನಿಕ್ಸ್ ಕಡತದ ಮೊದಲ ಸಾಲುಗಳನ್ನು ತೆರೆದು ನೋಡಿಯೇ ಬರೆಯಿರಿ.