ಫಿಲ್ಮ್ ಕ್ಯಾಮೆರಾಕ್ಕೆ ಜೂಮ್ ಬೇಕಾ, 50 ಮಿ.ಮೀ. ಸಾಕಾ?

ನನ್ನ ಓಟು 50 ಮಿ.ಮೀ. ಪ್ರೈಮ್ ಲೆನ್ಸ್‌ಗೆ, ಅಂದರೆ ಜೂಮ್ ಆಗದ ಲೆನ್ಸ್‌ಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅಂತ ದೂರಬೇಡಿ. ನನ್ನ ಹಳೆಯ ಮ್ಯಾನುವಲ್ ಫೋಕಸ್ ಎಸ್‌ಎಲ್‌ಆರ್ ಜೊತೆ ಬಂದದ್ದು 35-70 ಮಿ.ಮೀ. ಜೂಮ್, ಎಫ್ 3.5-4.5 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ). ಅದನ್ನೇ ಬಹಳ ಕಾಲ ಬಳಸಿದೆ. ಆಮೇಲೆ ಎಫ್ 1.8ರ ಒಂದು ಹಳೆಯ 50 ಕೊಂಡೆ. ಈಗ ಜೂಮ್ ಹೊರಗೆ ಬರುವುದೇ ಅಪರೂಪ.

ಜೂಮ್ ಮೇಲೆ ಸಿಟ್ಟು ಬಂದದ್ದು ಪ್ರಿಂಟ್ ನೋಡಿ ಅಲ್ಲ, ಫೋಕಸ್ ಮಾಡುವಾಗ. ಇಂಥ ಕ್ಯಾಮೆರಾಗಳ ವ್ಯೂಫೈಂಡರ್ ನಡುವೆ ಎರಡು ಹೋಳಾದ ಪುಟ್ಟ ವೃತ್ತ ಇರುತ್ತದಲ್ಲ, ಅದರದ್ದೇ ಗೋಳು. ಫೋಕಸ್ ತಪ್ಪಿದ್ದರೆ ಮುಖ ಎರಡು ತುಂಡಾಗಿ ಕಾಣುತ್ತದೆ. ಉಂಗುರ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಆದರೆ ಲೆನ್ಸ್ ಅಗಲವಾಗಿ ತೆರೆದಿದ್ದರೆ ಮಾತ್ರ. ಎಫ್ 5.6ರ ಹತ್ತಿರ ಬಂದರೆ ಸಾಮಾನ್ಯವಾಗಿ ಒಂದು ಹೋಳು ಕಪ್ಪಾಗುತ್ತದೆ. 70ಕ್ಕೆ ಎಳೆದಾಗ ನನ್ನ ಜೂಮ್ 4.5, ಅಂದರೆ ಅಂಚಿನಲ್ಲೇ ನಿಂತಿರುತ್ತದೆ.

ಕಣ್ಣು ಸರಿಯಾಗಿ ನಡುವಿದ್ದರೆ ಪರವಾಗಿಲ್ಲ. ಸ್ವಲ್ಪ ಆಚೀಚೆ ಆದರೆ ಮೇಲಿನ ಅರ್ಧ ಕಪ್ಪು. ಸರಿಪಡಿಸಲು ಹೋದರೆ ಕೆಳಗಿನ ಅರ್ಧ. ನನಗೆ ಕನ್ನಡಕ ಬೇರೆ. ಎದುರಿಗಿರುವವರು ನಗು ಹಿಡಿದುಕೊಂಡು ಕಾಯುತ್ತಾರೆ, ನಾನು ಕತ್ತು ಕೊಂಕಿಸುತ್ತಾ ನಿಂತಿರುತ್ತೇನೆ. ಅಷ್ಟರಲ್ಲಿ ನಗು ಹೋಗಿ ಬರೀ ಹಲ್ಲು ಉಳಿದಿರುತ್ತದೆ. 50 ಹಾಕಿದಾಗ ಮಬ್ಬು ಬೆಳಕಲ್ಲೂ ಎರಡೂ ಹೋಳು ತಿಳಿಯಾಗಿ ಕಂಡವು. ನನಗೆ ಅಷ್ಟೇ ಸಾಕಾಯಿತು.

ಡಿಜಿಟಲ್ ಆಗಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿ ಪಾರಾಗಬಹುದು. ಇಲ್ಲಿ 400ರ ರೋಲ್ ಹಾಕಿದರೆ 36 ಫ್ರೇಮ್ ಮುಗಿಯುವ ತನಕ 400. ಪುಶ್ ಮಾಡಬಹುದು (ಕಡಿಮೆ ಬೆಳಕಲ್ಲಿ ತೆಗೆದು, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಬಿಡುವುದು), ಆದರೆ ಇಡೀ ರೋಲನ್ನೇ ಮಾಡಬೇಕು, ಗ್ರೇನ್ ಅಂದರೆ ಚಿತ್ರದ ಕಾಳುಕಾಳು ಜಾಸ್ತಿಯಾಗುತ್ತದೆ. ಎಫ್ 1.8ರಲ್ಲಿ 1/60 ಸೆಕೆಂಡ್ ಶಟರ್ ವೇಗ ಸಿಗುವ ಕಡೆ 3.5ರಲ್ಲಿ 1/15, 4.5ರಲ್ಲಿ 1/10ರ ಆಸುಪಾಸು. ಕೈಯಲ್ಲಿ ಹಿಡಿದು 70 ಮಿ.ಮೀ.ಗೆ ಅದು ಸಾಲದು.

ಜೂಮ್ ಎಳೆದಂತೆ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಕೂಡ ಮುಕ್ಕಾಲು ಸ್ಟಾಪಿನಷ್ಟು ಇಳಿಯುತ್ತದೆ; ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಕ್ಯಾಮೆರಾದೊಳಗಿನ ಮೀಟರ್ ಬೆಳಕನ್ನು ಲೆನ್ಸ್ ಮೂಲಕವೇ ಅಳೆಯುವುದರಿಂದ ಅದಕ್ಕೆ ತೊಂದರೆಯಿಲ್ಲ. ಕೈಮೀಟರ್ ಹಿಡಿಯುವ ನನ್ನಂಥವರಿಗೆ ಸುಮ್ನೆ ತಲೆನೋವು.

ಶಾರ್ಪ್‌ನೆಸ್? ಎಫ್ 8ರಲ್ಲಿ ತೆಗೆದ ಚಿಕ್ಕ ಪ್ರಿಂಟ್‌ಗಳಲ್ಲಿ ಯಾವುದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ. ಎದುರುಬಿಸಿಲಿನಲ್ಲಿ ಮಾತ್ರ ಜೂಮ್ ಬೇಗ ಮಸುಕಾಗುತ್ತದೆ, ಒಳಗೆ ಗಾಜು ಜಾಸ್ತಿ.

ಜೂಮ್ ನಿಜವಾಗಿ ಗೆದ್ದದ್ದು ಸ್ಲೈಡ್ ಫಿಲ್ಮ್‌ನಲ್ಲಿ. ನೆಗೆಟಿವ್ ಆದರೆ ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಬಹುದು. ಪ್ರೊಜೆಕ್ಟರ್‌ಗೆ ಹಾಕುವ ಸ್ಲೈಡ್‌ಗೆ ಆ ಅನುಕೂಲ ಇಲ್ಲ, ಫ್ರೇಮ್ ಅಲ್ಲೇ ಸರಿಯಾಗಬೇಕು. ಪ್ರೈಮ್ ಇದ್ದರೆ ನಾಲ್ಕು ಹೆಜ್ಜೆ ನಡೆದರಾಯಿತು ಅಂತಾರೆ, ಅದು ಅರ್ಧ ಸತ್ಯ ಅಷ್ಟೇ. ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ, ಹಿಂದಿನ ಬೆಟ್ಟ ಆಗುವುದಿಲ್ಲ.

ಬಿಸಿಲಲ್ಲಿ ಸುತ್ತಾಡಿ ಸ್ಲೈಡ್ ತೆಗೆಯುವವರು ಜೂಮ್ ಇಟ್ಟುಕೊಳ್ಳಲಿ. ನಾನು ತೆಗೆಯುವುದು ಜಾಸ್ತಿ ಮನೆಯೊಳಗಿನ ಮುಖಗಳನ್ನು, ಅದೂ ಸಂಜೆ ಹೊತ್ತು. ಎಫ್ 2.8ರ ಜೂಮ್ ಕೊಳ್ಳುವಷ್ಟು ದುಡ್ಡಿದ್ದರೆ ಅದರಲ್ಲಿ ರೋಲ್ ಕೊಳ್ಳುತ್ತೇನೆ. ಒಂದು ಕಾಲದಲ್ಲಿ ಕ್ಯಾಮೆರಾ ಜೊತೆಗೇ ಮಾರುತ್ತಿದ್ದದ್ದರಿಂದ ಹಳೆಯ 50ಗಳು ಬೇಕಾದಷ್ಟಿವೆ, ಅಗ್ಗವೂ ಹೌದು. ಕೊಳ್ಳುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿಕೊಳ್ಳಿ.