ಡಿಎಸ್‌ಎ ಶುರುಮಾಡಲು ಸಿ, ಸಿ++, ಜಾವಾ, ಪೈಥಾನ್: ನಾಲ್ಕರಲ್ಲೂ ಬರೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ಬಗೆ) ಮತ್ತು ಆಲ್ಗರಿದಮ್ (ಲೆಕ್ಕ ಬಿಡಿಸುವ ಹಂತಗಳು), ಅಂದರೆ ಡಿಎಸ್‌ಎ ಪ್ರಾಬ್ಲಮ್‌ಗಳನ್ನು ಈಗಷ್ಟೇ ಬಿಡಿಸಲು ಕೂತವರಿಗೆ ನನ್ನ ಸಲಹೆ ಪೈಥಾನ್. ಉಳಿದ ಮೂರು ಭಾಷೆಗಳಲ್ಲೂ ಅದೇ ಪ್ರಾಬ್ಲಮ್‌ಗಳನ್ನು ಬರೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಕೆಲಸ ಬದಲಾಯಿಸಬೇಕೆಂದು ಕಳೆದ ವರ್ಷ ಆರು ಸಾವಿರ ಚಿಲ್ಲರೆ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ತೆಗೆದುಕೊಂಡೆ. ಯಾವ ಭಾಷೆಯಲ್ಲಿ ಬೇಕಾದರೂ ಕಲಿಯಬಹುದು ಅಂತ ಜಾಹೀರಾತಿನಲ್ಲಿತ್ತು. ಒಳಗೆ ಹೋಗಿ ನೋಡಿದರೆ ವಿಡಿಯೊ, ಉತ್ತರ, ಡೌಟ್ ಸೆಷನ್ ಎಲ್ಲವೂ ಜಾವಾದಲ್ಲೇ. ಅಷ್ಟರಲ್ಲಿ ಹಣ ವಾಪಸ್ ಕೇಳುವ ಗಡುವು ದಾಟಿತ್ತು, ಹಾಗಾಗಿ ಜಾವಾದಿಂದಲೇ ಶುರುಮಾಡಿದೆ. ಅದೇ ಹೊತ್ತಿಗೆ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಬಂತು. ವಿಟಿಯುದಲ್ಲಿ ಅದು ಸಿ ಭಾಷೆಯಲ್ಲಿ. ಭಾನುವಾರ ವಿಡಿಯೊ ಕಾಲ್ ಹಾಕಿಕೊಂಡು ಒಂದೇ ಪ್ರಾಬ್ಲಮ್ಮನ್ನು ಅವಳು ಸಿಯಲ್ಲಿ, ನಾನು ಜಾವಾದಲ್ಲಿ ಬರೆಯುತ್ತಿದ್ದೆವು. ಆಮೇಲೆ ಇಬ್ಬರೂ ಸೇರಿ ಸಿ++, ಪೈಥಾನ್ ಎರಡಕ್ಕೂ ಕೈ ಹಾಕಿದೆವು.

ಯಾವುದು ಕಂಪೈಲ್ ಆಗುತ್ತದೆ, ಯಾವುದು ಆಗುವುದಿಲ್ಲ, ಯಾವುದಕ್ಕೆ ಸೆಮಿಕೋಲನ್ ಬೇಕು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ನನ್ನನ್ನು ಜಾವಾದಿಂದ ಎಬ್ಬಿಸಿದ್ದು ಒಂದೇ ಒಂದು ತೊಡಕು. ಅದನ್ನು ವಿವರವಾಗಿ ಹೇಳಬೇಕು.

ಅಭ್ಯಾಸದ ಪ್ರಾಬ್ಲಮ್‌ಗಳಿರುವ ಲೀಟ್‌ಕೋಡ್ ತಾಣದ 155ನೇ ಪ್ರಾಬ್ಲಮ್ ಮಿನ್ ಸ್ಟ್ಯಾಕ್. ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳಿದ್ದ ಹಾಗೆ. ಮಾಮೂಲಿ ಸ್ಟ್ಯಾಕಿನ ಹಾಗೆ ಪುಶ್ (ಮೇಲೆ ಹಾಕುವುದು), ಪಾಪ್ (ಮೇಲಿನದನ್ನು ತೆಗೆಯುವುದು) ಮಾಡಬೇಕು, ಜೊತೆಗೆ ಒಳಗಿರುವುದರಲ್ಲಿ ಅತಿ ಚಿಕ್ಕ ಸಂಖ್ಯೆ ಯಾವುದು ಎಂದು ಕೇಳಿದ ತಕ್ಷಣ ಹೇಳಬೇಕು. ಉಪಾಯ ಸರಳ. ಪಕ್ಕದಲ್ಲಿ ಎರಡನೇ ಸ್ಟ್ಯಾಕ್ ಇಟ್ಟುಕೊಳ್ಳಿ. ಹೊಸ ಸಂಖ್ಯೆ ಆ ಎರಡನೆಯದರ ತುದಿಯಲ್ಲಿರುವುದಕ್ಕಿಂತ ಚಿಕ್ಕದು ಅಥವಾ ಅಷ್ಟೇ ಆಗಿದ್ದರೆ ಅಲ್ಲಿಗೂ ಹಾಕಿ. ಪಾಪ್ ಮಾಡುವಾಗ ತೆಗೆದ ಸಂಖ್ಯೆಯೂ ಎರಡನೆಯದರ ತುದಿಯೂ ಒಂದೇ ಆಗಿದ್ದರೆ ಎರಡೂ ಕಡೆಯಿಂದ ತೆಗೆಯಿರಿ. ನೋಟ್‌ಬುಕ್ಕಿನಲ್ಲಿ 5, 3, 7 ಇಟ್ಟುಕೊಂಡು ಕೈಯಲ್ಲಿ ಮಾಡಿದೆ, ಸರಿ ಬಂತು. ಜಾವಾದಲ್ಲಿ ಬರೆದು ಅವೇ ಸಂಖ್ಯೆ ಕೊಟ್ಟೆ, ಅದೂ ಸರಿ. ಸಬ್ಮಿಟ್ ಮಾಡಿದರೆ ರಾಂಗ್ ಆನ್ಸರ್.

500 ಹಾಕಿ, 300 ಹಾಕಿ, ಒಂದು ಪಾಪ್ ಮಾಡಿದರೆ ಚಿಕ್ಕದು 500 ಎಂದು ಬರಬೇಕು. ಬಂದದ್ದು 300. ತೆಗೆದುಹಾಕಿದ ಸಂಖ್ಯೆ ಎರಡನೇ ಸ್ಟ್ಯಾಕಿನಲ್ಲಿ ಹಾಗೇ ಕೂತಿತ್ತು. 50, 30 ಕೊಟ್ಟರೆ ಉತ್ತರ ಸರಿ, 500, 300 ಕೊಟ್ಟರೆ ತಪ್ಪು. ಲಾಜಿಕ್ಕನ್ನು ಎಷ್ಟು ಸಲ ಮೊದಲಿನಿಂದ ಓದಿದರೂ ಎಲ್ಲೂ ತಪ್ಪು ಕಾಣಲಿಲ್ಲ. ಯಾಕೆಂದರೆ ಲಾಜಿಕ್ಕಿನಲ್ಲಿ ತಪ್ಪೇ ಇರಲಿಲ್ಲ.

ಕಾರಣ ಇಷ್ಟು. ಜಾವಾದ ಸ್ಟ್ಯಾಕ್ ಬರೀ ಇಂಟ್ (ಸಾದಾ ಪೂರ್ಣಾಂಕ) ಹಿಡಿಯುವುದಿಲ್ಲ, ಅದನ್ನು ಇಂಟಿಜರ್ ಎಂಬ ಆಬ್ಜೆಕ್ಟ್, ಅಂದರೆ ಸಂಖ್ಯೆಯನ್ನು ಒಳಗಿಟ್ಟ ಡಬ್ಬಿಯ ಹಾಗೆ ಮಾಡಿ ಒಳಗಿಡುತ್ತದೆ. 2004ರಲ್ಲಿ ಬಂದ ಜಾವಾ 5ರಿಂದ ಈ ಕೆಲಸ ತಾನಾಗಿಯೇ ನಡೆಯುತ್ತದೆ, ಬರೆಯುವವರ ಕಣ್ಣಿಗೆ ಕಾಣುವುದಿಲ್ಲ. -128ರಿಂದ 127ರವರೆಗಿನ ಸಂಖ್ಯೆಗಳಿಗೆ ಮೊದಲೇ ಮಾಡಿಟ್ಟ ಆಬ್ಜೆಕ್ಟನ್ನೇ ಕೊಡುತ್ತದೆ. ಅದರಾಚೆ ಹೋದರೆ ಸಾಮಾನ್ಯವಾಗಿ ಪ್ರತಿ ಸಲ ಹೊಸದು. ಪಾಪ್ ಮಾಡುವಾಗ ನಾನು ಹಾಕಿದ್ದ ಹಾಗೆ ಎರಡು ಆಬ್ಜೆಕ್ಟ್‌ಗಳ ನಡುವೆ == ಹಾಕಿದರೆ ಬೆಲೆ ಒಂದೇನಾ ಎಂದು ಅದು ನೋಡುವುದಿಲ್ಲ, ಎರಡೂ ಒಂದೇ ಆಬ್ಜೆಕ್ಟಾ ಎಂದು ನೋಡುತ್ತದೆ. 30ಕ್ಕೆ ಹೌದು, 300ಕ್ಕೆ ಅಲ್ಲ. ಇನ್ನೂ ಕಾಡುವ ವಿಷಯ ಏನೆಂದರೆ, ಅದೇ ಪ್ರೋಗ್ರಾಮಿನಲ್ಲಿ ಪುಶ್ ಮಾಡುವಾಗ ಬರೆದ <= ಸರಿಯಾಗಿಯೇ ಕೆಲಸ ಮಾಡುತ್ತದೆ, ಅಲ್ಲಿ ಮಾತ್ರ ಬೆಲೆಯನ್ನೇ ಹೊರತೆಗೆದು ಹೋಲಿಸುತ್ತದೆ. == ಬದಲು ಈಕ್ವಲ್ಸ್ ಮೆಥಡ್ ಹಾಕಿದರೆ ಎಲ್ಲ ಸರಿಹೋಗುತ್ತದೆ. ಜಾವಾ ಬಲ್ಲವರಿಗೆ ಇದು ಹಳೆಯ ಕಥೆ. ಆದರೆ ಸ್ಟ್ಯಾಕ್ ಅಂದರೇನು ಎಂದು ಕಲಿಯಲು ಕೂತವರಿಗೆ ಇಡೀ ಸಂಜೆ ಹೋಗುತ್ತದೆ, ಸ್ಟ್ಯಾಕಿನ ಬಗ್ಗೆ ಮಾತ್ರ ಹೊಸದೇನೂ ತಿಳಿದಿರುವುದಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾಷೆಗೂ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ನೋಟ್‌ಬುಕ್ಕಿನಲ್ಲಿ ಕೈಯಿಂದ ಮಾಡಬಹುದಾದಷ್ಟು ಚಿಕ್ಕ ಉದಾಹರಣೆಯಲ್ಲಿ ತಪ್ಪು ಹೊರಗೆ ಬರುತ್ತದೆಯೇ?

ಸಿಯಲ್ಲಿ ಬರುವುದಿಲ್ಲ. ಸಿಎಸ್‌ಇಎಸ್ ತಾಣದ ಮೊಟ್ಟಮೊದಲ ಪ್ರಾಬ್ಲಮ್ ವಿಯರ್ಡ್ ಆಲ್ಗರಿದಮ್ ತೆಗೆದುಕೊಳ್ಳಿ. ಸಂಖ್ಯೆ ಸಮ ಇದ್ದರೆ ಅರ್ಧ ಮಾಡಿ, ಬೆಸ ಇದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ, 1 ಬರುವ ತನಕ ಮುಂದುವರಿಸಿ. 3 ಕೊಟ್ಟರೆ 3, 10, 5, 16, 8, 4, 2, 1. ಇದಕ್ಕಿಂತ ಸುಲಭದ ಪ್ರಾಬ್ಲಮ್ ಸಿಗುವುದು ಕಷ್ಟ. ಅಕ್ಕನ ಮಗಳು ಇಂಟ್ ಹಾಕಿ ಬರೆದಳು. "ಚಿಕ್ಕಿ, ನಾನ್ ಕೊಟ್ಟಿದ್ದೆಲ್ಲ ಕರೆಕ್ಟಾಗ್ ಬರ್ತಿದೆ, ಸಬ್ಮಿಟ್ ಮಾಡಿದ್ರೆ ಮಾತ್ರ ಆಗ್ತಿಲ್ಲ" ಅಂದಳು. ಪ್ರಾಬ್ಲಮ್ಮಿನಲ್ಲಿ 10 ಲಕ್ಷದವರೆಗಿನ ಯಾವ ಸಂಖ್ಯೆಯನ್ನಾದರೂ ಕೊಡಬಹುದು. 1,13,383ರಿಂದ ಹೊರಟರೆ ದಾರಿಯಲ್ಲಿ ಅದು 2,48,21,11,348ರ ತನಕ ಏರುತ್ತದೆ. 32 ಬಿಟ್ಟಿನ ಇಂಟ್ ಹಿಡಿಯುವುದು 2,14,74,83,647ರವರೆಗೆ ಮಾತ್ರ. ಇಂಟ್ ಇದ್ದದ್ದನ್ನು ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಲಾಂಗ್ ಅಂತ ಬದಲಾಯಿಸಿದ ಮೇಲೆ ಪಾಸಾಯಿತು. ಜಾವಾದ ಇಂಟ್‌ನಲ್ಲೂ ಇದೇ ಪಾಡು, ಮಿತಿ ದಾಟಿದ ಸಂಖ್ಯೆ ಸದ್ದಿಲ್ಲದೆ ಋಣ ಸಂಖ್ಯೆಯಾಗಿ ಹೊರಳುತ್ತದೆ. ಪೈಥಾನ್ ಪೂರ್ಣಾಂಕಕ್ಕೆ ಇಂಥ ಮಿತಿಯೇ ಇಲ್ಲ.

ಇದು ಹೊಸಬರಿಗಷ್ಟೇ ಆಗುವ ತೊಂದರೆ ಎಂದುಕೊಳ್ಳಬೇಡಿ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕಲು ಜಾವಾದ ಲೈಬ್ರರಿಯಲ್ಲೇ ಇದ್ದ ಬೈನರಿ ಸರ್ಚ್‌ನಲ್ಲಿ ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸುವ ಸಾಲು ಇದೇ ಕಾರಣಕ್ಕೆ ತಪ್ಪಾಗಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಈ ವಿಷಯ ಎಲ್ಲರಿಗೂ ತಿಳಿಸಿದರು. ಅರೇಯಲ್ಲಿ ನೂರು ಕೋಟಿಗೂ ಹೆಚ್ಚು ಅಂಶಗಳಿದ್ದಾಗ ಮಾತ್ರ ಕೈಕೊಡುವ ತಪ್ಪು ಅದು, ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಿ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಲಿಂಕ್ಡ್ ಲಿಸ್ಟ್ (ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ ಪಟ್ಟಿ) ಅಂದರೆ ನಿಜಕ್ಕೂ ಏನು ಎಂದು ನನಗೆ ಅರ್ಥವಾದದ್ದು ಅವಳ ಲ್ಯಾಬ್ ರೆಕಾರ್ಡ್ ನೋಡಿದ ಮೇಲೆ. ಮ್ಯಾಲಕ್ ಮಾಡಿ ಜಾಗ ತೆಗೆದುಕೊಳ್ಳುವುದು, ಪಾಯಿಂಟರ್ (ಮುಂದಿನದು ಎಲ್ಲಿದೆ ಎಂಬ ವಿಳಾಸ) ಜೋಡಿಸುವುದು, ಫ್ರೀ ಮಾಡಿ ಜಾಗ ಬಿಟ್ಟುಕೊಡುವುದು ಎಲ್ಲ ಕಣ್ಣೆದುರೇ ನಡೆಯುತ್ತದೆ. ಆದರೆ ಹ್ಯಾಶ್ ಮ್ಯಾಪ್ (ಒಂದನ್ನು ಕೊಟ್ಟ ಕೂಡಲೇ ಅದರ ಜೊತೆ ಬರೆದಿಟ್ಟದ್ದನ್ನು ಹುಡುಕಿಕೊಡುವ ಪಟ್ಟಿ) ಬೇಕಾದ ಪ್ರಾಬ್ಲಮ್ ಬಂದರೆ ಮೊದಲು ಹ್ಯಾಶ್ ಟೇಬಲ್ಲನ್ನೇ ಕಟ್ಟಬೇಕು, ಸಿ ಲೈಬ್ರರಿಯಲ್ಲಿ ಅದಿಲ್ಲ.

ಸಿ++ ಬಹಳ ವೇಗ, ಜೊತೆಗೆ ಬರುವ ಎಸ್‌ಟಿಎಲ್ ಲೈಬ್ರರಿಯಲ್ಲಿ ಎಲ್ಲವೂ ಸಿದ್ಧವಾಗಿದೆ. ಕ್ರಮದಲ್ಲಿರುವ ಸೆಟ್, ಮ್ಯಾಪ್ ಅದರಲ್ಲಿವೆ, ಪೈಥಾನ್ ಜೊತೆಗೆ ಬರುವ ಲೈಬ್ರರಿಯಲ್ಲಿ ಅವಿಲ್ಲ. ಆದರೆ ಖಾಲಿ ವೆಕ್ಟರಿನ ಸೈಜ್‌ನಿಂದ 1 ಕಳೆದರೆ -1 ಬರುವುದಿಲ್ಲ, 64 ಬಿಟ್ಟಿನ ಯಂತ್ರದಲ್ಲಿ 1ರಿಂದ ಶುರುವಾಗುವ ಇಪ್ಪತ್ತು ಅಂಕಿಗಳ ಸಂಖ್ಯೆ ಬರುತ್ತದೆ. ಕೈಯಲ್ಲಿ ಮಾಡುವಾಗ ಖಾಲಿ ಪಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳುವವರು ಕಡಿಮೆ. ಇನ್ನು ಎಸ್‌ಟಿಎಲ್ ಬಳಸುವಾಗ ಒಂದು ಟೈಪ್ ತಪ್ಪಿದರೆ ಬರುವ ಎರರ್ ಮೆಸೇಜ್ ಪರದೆ ತುಂಬಿ ಹರಿಯುತ್ತದೆ, ಅದರಲ್ಲಿ ನಮ್ಮ ಸಾಲು ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ.

ಪೈಥಾನ್ ನನಗೆ ಒಗ್ಗಿದ್ದು ಟೂ ಸಮ್ ಬರೆದ ದಿನ. 11, 2, 15, 7 ಕೊಟ್ಟಿದ್ದಾರೆ, ಮೊತ್ತ 9 ಬರುವ ಎರಡು ಸಂಖ್ಯೆ ಎಲ್ಲಿವೆ ಹೇಳಬೇಕು. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಹೀಗೆ ಬರೆದುಕೊಂಡಿದ್ದೆ: ಒಂದೊಂದೇ ಸಂಖ್ಯೆ ತೆಗೆದುಕೋ, 9ರಲ್ಲಿ ಅದನ್ನು ಕಳೆ, ಉಳಿದದ್ದು ಈ ಮೊದಲೇ ಬಂದಿದ್ದರೆ ಎರಡರ ಸ್ಥಾನ ಹೇಳು, ಇಲ್ಲದಿದ್ದರೆ ಈ ಸಂಖ್ಯೆಯನ್ನೂ ಅದರ ಸ್ಥಾನವನ್ನೂ ಬರೆದಿಡು. 7ಕ್ಕೆ ಬಂದಾಗ ಬೇಕಾದ 2 ಆಗಲೇ ಬರೆದಿಟ್ಟದ್ದರಲ್ಲಿ ಸಿಗುತ್ತದೆ. ಒಂದು ಡಿಕ್ಷನರಿ (ಪೈಥಾನ್‌ನಲ್ಲಿ ಸಿದ್ಧವಾಗಿರುವ ಹ್ಯಾಶ್ ಮ್ಯಾಪ್) ಇಟ್ಟುಕೊಂಡು ಇದನ್ನು ಸಾಲಿಗೆ ಸಾಲು ಪೈಥಾನ್‌ಗೆ ಇಳಿಸಿದೆ, ಬೇರೇನನ್ನೂ ಸೇರಿಸಬೇಕಾಗಲಿಲ್ಲ.

ತೊಡಕು ಇಲ್ಲೂ ಇವೆ. ಮೂರು ಸಾಲಿನ ಗ್ರಿಡ್ ಬೇಕೆಂದು [[0] * 4] * 3 ಬರೆದರೆ ಒಂದೇ ಸಾಲು ಮೂರು ಕಡೆ ತೋರುತ್ತದೆ, ಮೊದಲ ಸಾಲಿನ ಎರಡನೇ ಮನೆಗೆ 1 ಹಾಕಿದರೆ ಮೂರೂ ಸಾಲಿನ ಎರಡನೇ ಮನೆ 1 ಆಗುತ್ತದೆ. ಆದರೆ ಇದು ಮೂರು ಸಾಲಿನ ಗ್ರಿಡ್ಡಿನಲ್ಲೇ ಆಗುತ್ತದೆ, ಪ್ರಿಂಟ್ ಮಾಡಿದರೆ ಕಣ್ಣಿಗೆ ಹೊಡೆದು ಕಾಣುತ್ತದೆ. ಲೂಪ್ ಹಾಕಿ ಪ್ರತಿ ಸಾಲನ್ನೂ ಬೇರೆಬೇರೆ ಮಾಡಿದರೆ ಮುಗಿಯಿತು. ರಿಕರ್ಷನ್ನಿಗೆ, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆಯುವುದಕ್ಕೆ, ಮಾಮೂಲಾಗಿ 1000ದ ಮಿತಿ ಇದೆ. ಇದು ಚಿಕ್ಕ ಉದಾಹರಣೆಯಲ್ಲಿ ಕಾಣುವುದಿಲ್ಲ ನಿಜ, ಆದರೆ ಮಿತಿ ದಾಟಿದಾಗ ತಪ್ಪು ಉತ್ತರ ಕೊಡದೆ ರಿಕರ್ಷನ್ ಎರರ್ ಎಂದು ಹೆಸರಿಟ್ಟು ನಿಲ್ಲುತ್ತದೆ. ಪೂರ್ಣಾಂಕಗಳ ಭಾಗಾಕಾರದಲ್ಲಿ -7 // 2 ಇಲ್ಲಿ -4, ಉಳಿದ ಮೂರರಲ್ಲಿ -7 / 2 ಅಂದರೆ -3, ನೆನಪಿಡಿ. ಕ್ಯೂ ಬೇಕಾದಾಗ ಲಿಸ್ಟಿನ ಮುಂದಿನಿಂದ ಪಾಪ್ ಮಾಡಬೇಡಿ, ಉಳಿದದ್ದೆಲ್ಲ ಒಂದೊಂದು ಮನೆ ಸರಿಯಬೇಕಾಗುತ್ತದೆ. ಅದಕ್ಕೆ ಎರಡೂ ತುದಿಯಿಂದ ಹಾಕಿ ತೆಗೆಯಬಹುದಾದ ಡೆಕ್ ಇದೆ.

ನಿಧಾನ ಎಂಬ ದೂರು ನಿಜವೇ. 5,000 ಸಂಖ್ಯೆಗಳ ಮೇಲೆ ಲೂಪಿನೊಳಗೆ ಲೂಪ್ ಹಾಕಿದರೆ ಎರಡೂವರೆ ಕೋಟಿ ಸುತ್ತು. ಸಿ++ ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ, ಪೈಥಾನ್ ಏದುಸಿರು ಬಿಡುತ್ತದೆ. ಒಂದು ಲಕ್ಷ ಸಂಖ್ಯೆಗಳಾದರೆ ಸಾವಿರ ಕೋಟಿ ಸುತ್ತು, ಆಗ ಸಿ++ ಕೂಡ ಒಂದು ಸೆಕೆಂಡಿನಲ್ಲಿ ಮುಗಿಸಲಾರದು, ಉಪಾಯವನ್ನೇ ಬದಲಾಯಿಸಬೇಕು. ಶುರುವಿನ ಪ್ರಾಬ್ಲಮ್‌ಗಳು ಕಲಿಸುವುದು ಈ ಬದಲಾವಣೆಯನ್ನೇ. ಸಿಎಸ್‌ಇಎಸ್‌ನಲ್ಲಿ ಪೈಥಾನ್ ಕೋಡನ್ನು ಬೇಗ ಓಡಿಸುವ ಪೈಪೈ ಆರಿಸಿಕೊಂಡರೆ ಅದೇ ಕೋಡ್ ಸಾಕಷ್ಟು ಚುರುಕಾಗುತ್ತದೆ.

ನನ್ನ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ್‍ಯಾಮ್. ಜಾವಾದ ದೊಡ್ಡ ಐಡಿಇ (ಕೋಡ್ ಬರೆಯುವ ಸಾಫ್ಟ್‌ವೇರ್) ತೆರೆದರೆ ಬ್ರೌಸರ್ ಮುಚ್ಚಬೇಕು. ಹೊಸದು ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಅಭ್ಯಾಸಕ್ಕೆ ಸಿಗುವುದು ಆಫೀಸು ಮುಗಿದ ಮೇಲಿನ ಅರ್ಧ ಗಂಟೆ, ಮೆಟ್ರೊದಲ್ಲಿ ಸೀಟು ಸಿಕ್ಕರೆ ಇನ್ನೊಂದಿಷ್ಟು. ಫೋನಿನಲ್ಲಿ ಆವರಣ ಚಿಹ್ನೆಗಳನ್ನು ಹುಡುಕಿ ಹುಡುಕಿ ಒತ್ತುತ್ತಾ ಜಾವಾ ಬರೆಯುವುದು ನನ್ನಿಂದಾಗದು, ಹತ್ತು ಸಾಲಿನ ಪೈಥಾನ್ ಬರೆಯಬಲ್ಲೆ. ದುಡ್ಡು ಕೊಟ್ಟು ಇನ್ನೊಂದು ಕೋರ್ಸ್ ತೆಗೆದುಕೊಳ್ಳುವುದಿಲ್ಲ. ಸಿಎಸ್‌ಇಎಸ್ ಉಚಿತ, ಲೀಟ್‌ಕೋಡ್‌ನಲ್ಲಿ ಉಚಿತವಾಗಿರುವುದೇ ಶುರುವಿಗೆ ಧಾರಾಳ ಸಾಕು.

ನಿಮ್ಮ ಸ್ಥಿತಿ ಬೇರೆ ಇರಬಹುದು. ಗೇಟ್ ಪರೀಕ್ಷೆಯ ಕಂಪ್ಯೂಟರ್ ಸೈನ್ಸ್ ಪೇಪರಿಗೆ ಕೂರುವವರಿಗೆ ಸಿ ಬಿಟ್ಟು ದಾರಿಯಿಲ್ಲ, ಸಿಲೆಬಸ್ಸಿನಲ್ಲೇ ಸಿ ಇದೆ. ಅದೇ ಗೇಟ್‌ನಲ್ಲಿ 2024ರಿಂದ ಬಂದ ಡೇಟಾ ಸೈನ್ಸ್ ಮತ್ತು ಎಐ ಪೇಪರಿಗಾದರೆ ಪೈಥಾನ್. ಕೋಡಿಂಗ್ ಸ್ಪರ್ಧೆಗಳಿಗೆ ಹೋಗುವ ಆಸೆ ಇದ್ದರೆ ಮೊದಲ ದಿನದಿಂದಲೇ ಸಿ++ ಹಿಡಿಯಿರಿ. ಆಫೀಸಿನಲ್ಲಿ ದಿನವಿಡೀ ಜಾವಾ ಬರೆಯುವವರಿಗೆ ಅದೇ ಸಲೀಸು, == ಹಾಕುವ ಮುಂಚೆ ಎರಡೂ ಬದಿಯಲ್ಲಿ ಇಂಟಿಜರ್ ಇದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಅಕ್ಕನ ಮಗಳು ಲ್ಯಾಬ್ ಪರೀಕ್ಷೆ ಮುಗಿಯುವ ತನಕ ಸಿಯಲ್ಲೇ ಇರುತ್ತಾಳೆ. ಈ ಭಾನುವಾರ ಬೈನರಿ ಟ್ರೀ ಶುರುಮಾಡುತ್ತಿದ್ದೇವೆ, ಅವಳು ಪಾಯಿಂಟರ್ ಹಿಡಿದು, ನಾನು ಪೈಥಾನ್‌ನಲ್ಲಿ.