ಕ್ಯಾನ್ವಾಸ್ ನೀರಿನ ಚೀಲ: ಬಯಲುಸೀಮೆಯ ಬೇಸಿಗೆಯಲ್ಲಿ ಬಳಸಿ ನೋಡಿದ ಮೇಲೆ

ಐದು ಲೀಟರ್ ಹಿಡಿಯುವ ದಪ್ಪ ಹತ್ತಿಬಟ್ಟೆಯ ಚೀಲ. ಲಾರಿಯವರು ಪಕ್ಕದಲ್ಲಿ ನೇತುಹಾಕಿಕೊಂಡು ಹೋಗುತ್ತಾರಲ್ಲ, ಅದೇ. ಚಿತ್ರದುರ್ಗದಿಂದ ಹೊಸಪೇಟೆ, ಕುಷ್ಟಗಿ, ಇಳಕಲ್ ದಾಟಿ ವಿಜಯಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಏಪ್ರಿಲ್-ಮೇ ಬಿಸಿಲಲ್ಲಿ, ಇದರ ಬೆಲೆ ಗೊತ್ತಾಗುತ್ತದೆ. ಥರ್ಮಾಸ್ ತಣ್ಣೀರನ್ನು ತಣ್ಣಗಿಡುತ್ತದೆ, ಸರಿ. ಮಧ್ಯಾಹ್ನ ಢಾಬಾದ ಟ್ಯಾಂಕಿನಿಂದ ಸುಡುನೀರು ಹಿಡಿದರೆ ಅದನ್ನೂ ಹಾಗೇ ಕಾಪಾಡುತ್ತದೆ. ಈ ಚೀಲ ಆ ಸುಡುನೀರನ್ನೇ ತಣಿಸುತ್ತದೆ.

ನೆನೆದ ನೂಲು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ, ನೀರು ತೊಟ್ಟಿಕ್ಕದೆ ಬರೀ ಜಿನುಗುತ್ತದೆ. ಆ ಪಸೆ ಆರುವಾಗ ಒಳಗಿನ ಶಾಖ ಹೋಗುತ್ತದೆ. 41 ಡಿಗ್ರಿ ಬಿಸಿಲು, ಶೇ 20 ತೇವಾಂಶ ಇದ್ದರೆ ನೀರು ಇಳಿಯಬಹುದಾದ ಮಿತಿ ಸುಮಾರು 23 ಡಿಗ್ರಿ. ಓಡುವ ಗಾಡಿಯಲ್ಲಿ ಅದಕ್ಕಿಂತ ಎರಡು ಮೂರು ಡಿಗ್ರಿ ಮೇಲೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. 34 ಡಿಗ್ರಿ, ಶೇ 70 ತೇವಾಂಶದ ಮಂಗಳೂರಿನಲ್ಲಿ ಮಿತಿಯೇ 29ರ ಆಸುಪಾಸು. ಕರಾವಳಿಯಲ್ಲಷ್ಟೇ ಓಡಾಡುವವರು ದುಡ್ಡು ದಂಡ ಮಾಡಿಕೊಳ್ಳಬೇಡಿ. ಸಂಜೆಗೆ ಒಂದು ಲೀಟರಾದರೂ ಖಾಲಿಯಾಗಿರುತ್ತದೆ; ಅದು ಸೋರಿಕೆಯಲ್ಲ, ತಂಪಿನ ಖರ್ಚು.

ಕೊಳ್ಳುವಾಗ ಬಟ್ಟೆಯ ಮೇಲೆ ಎರಡು ಹನಿ ನೀರು ಬಿಡಿ. ಹನಿ ಗುಂಡಗೆ ಉರುಳಾಡಿದರೆ ಅದು ಟಾರ್ಪಾಲಿನ ಹಾಗೆ ಲೇಪ ಹಚ್ಚಿದ ಬಟ್ಟೆ, ಬೇಡ. ಹೊಸ ಚೀಲಕ್ಕೆ ಗಂಜಿಯ ವಾಸನೆ ಇರುತ್ತದೆ: ಬಕೆಟ್ಟಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತಾ ಎರಡು ರಾತ್ರಿ ನೆನೆಸಿ. ಸೋಪು ಹಾಕಿದರೆ ಸೋಪಿನ ವಾಸನೆ ಮಾತ್ರ ಜನ್ಮಕ್ಕೂ ಬಿಡುವುದಿಲ್ಲ.

ಹೆಚ್ಚು ಜನ ಎಡವುವುದು ಕಟ್ಟುವ ಜಾಗದಲ್ಲಿ. ಕಾರಿನ ಮುಂದಿನ ಗ್ರಿಲ್‌ಗೆ ಕಟ್ಟಿದರೆ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಗಾಳಿ ತಪ್ಪುತ್ತದೆ, ಘಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಪಕ್ಕದ ಕನ್ನಡಿಗೂ ಬೇಡ. ಐದು ಕೆಜಿ ತೂಗಾಡಿದರೆ ಅದರ ಕೀಲು ಸಡಿಲವಾಗುತ್ತದೆ. ರೂಫ್ ಕ್ಯಾರಿಯರ್‌ನ ಹಿಂಬದಿ ಮೂಲೆ ಒಳ್ಳೆಯದು. ಮೇಲೂ ಕೆಳಗೂ ಹಗ್ಗ ಬಿಗಿಯಿರಿ, ಬಣ್ಣ ಉಜ್ಜದಂತೆ ನಡುವೆ ಹಳೇ ಟವೆಲ್ ಇಡಿ. ಗಾಡಿ ನಿಲ್ಲಿಸಿದಾಗ ಬಿಚ್ಚಿ ಬೇವಿನ ಮರದ ನೆರಳಿಗೆ ತೂಗುಹಾಕಿ. ಬಿಸಿಲಿಗೆ ಬಿಟ್ಟರೆ ಗಳಿಸಿದ್ದೆಲ್ಲ ಹೋಯಿತು.

ಕಾಲ ಕಳೆದಂತೆ ತಂಪು ಕಡಿಮೆಯಾಗಲು ಮುಖ್ಯ ಕಾರಣ ಬೋರ್‌ವೆಲ್ ನೀರು. ಸುಣ್ಣದಂಶ ಹೊರಮೈಯಲ್ಲಿ ಬಿಳಿ ಪೊರೆಯಾಗಿ ಕಟ್ಟಿ, ಜಿನುಗುವ ದಾರಿ ಮುಚ್ಚುತ್ತದೆ. ಅರ್ಧ ಲೀಟರ್ ಬಿಳಿ ವಿನೆಗರ್, ಎರಡು ಲೀಟರ್ ನೀರು ಬೆರೆಸಿ ನಾಲ್ಕೈದು ತಾಸು ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿದರೆ ಬಹುಮಟ್ಟಿಗೆ ಬಿಡುತ್ತದೆ. ಲಾರಿಗಳ ಹಿಂದೆ ಹೋದ ದಿನ ಕೂರುವ ಕಪ್ಪು ಧೂಳನ್ನು ಅಂದೇ ತೊಳೆಯಬೇಕು. ಚೀಲ ನೀರನ್ನು ಶುದ್ಧ ಮಾಡುವುದಿಲ್ಲ, ಕುಡಿಯುವ ನೀರನ್ನೇ ತುಂಬಿ.

ಮಳೆಗಾಲಕ್ಕೆ ಎತ್ತಿಡುವ ಮುನ್ನ ಬಾಯಿಗೆ ಕಡ್ಡಿ ಕೊಟ್ಟು ತೆರೆದಿಟ್ಟು, ತಲೆಕೆಳಗಾಗಿ ನೇತುಹಾಕಿ ಪೂರ್ತಿ ಒಣಗಿಸಿ. ಒಳಗೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬಂದರೆ ಬಿಸಾಡುವುದೇ ಸರಿ. ಬಿರಡೆಯ ದಾರವಂತೂ ತೀರಾ ಕಳಪೆ. ಮೊದಲ ದಿನವೇ ಕಿತ್ತು ನೈಲಾನ್ ದಾರ ಕಟ್ಟಿ.